ಬಾಗಿಲಿಲ್ಲದ ಬಚ್ಚಲು, ಸಿಂಧುವಿನ ಅನಂತ

ನಮ್ಮ ಮನೆಯ ಬಚ್ಚಲಿಗೆ ಬಾಗಿಲಿಲ್ಲ.

ಹಳೆಯದು ಮಳೆಗೆ ಉಬ್ಬಿತು, ಕಿತ್ತು ಹಾಕಿದೆವು. ಹೊಸದಕ್ಕೆ ಬಡಗಿ ಆಚಾರ್ರಿಗೆ ಹೇಳಿ ಎಷ್ಟು ಕಾಲವಾಯಿತು ಅಂತ ಮಾತ್ರ ಕೇಳಬೇಡಿ. ಸದ್ಯಕ್ಕೆ ಅಲ್ಲಿ ನನ್ನ ಹಳೇ ಸೀರೆಯೊಂದು ಪರದೆಯಾಗಿ ತೂಗುತ್ತಿದೆ. ಚಿಲಕದ ಕೆಲಸವನ್ನು ಕೆಮ್ಮು ಮಾಡುತ್ತದೆ. ಒಳಗಿದ್ದವರು ಕೆಮ್ಮುತ್ತಿರಬೇಕು, ಅಷ್ಟೇ. (ಬೇಕಾದವರು ಹಾಡಲೂಬಹುದು. ನಮ್ಮ ಯಜಮಾನರಿಗೆ ಹಾಡು ಬರುವುದಿಲ್ಲ ಎಂಬುದು ಈಗ ಹೊನ್ನಾವರದ ನಮ್ಮ ಇಡೀ ಕೇರಿಗೆ ಗೊತ್ತು.)

ಇಂಥ ಮನೆಗೆ ಕಳೆದ ಭಾನುವಾರ ಹುಡುಗಿ ನೋಡಲು ಹುಡುಗ ಬಂದ!

ಹುಡುಗಿ ನಮ್ಮಕ್ಕನ ಮಗಳು ಸಿಂಧು. ಅಕ್ಕನ ಮನೆ ಕುಮಟಾದಲ್ಲಿ. ಹುಡುಗನದು ಭಟ್ಕಳ. ನಡುವೆ ನಾನಿದ್ದೇನಲ್ಲ? ಮೊದಲ ಭೇಟಿ ನಿನ್ನ ಮನೆಯಲ್ಲೇ ಆಗಲಿ ಎಂದರು. “ಬಾಗಿಲು...” ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಚಾರ್ರಿಗೆ ಫೋನು ಮಾಡಿದೆ.

“ಬತ್ತೆ ಅಕ್ಕೋರೇ, ಖಂಡಿತ ಬತ್ತೆ.” (ನಾನು ಶಾಲೆಯಲ್ಲಿ ಪಾಠ ಮಾಡುವವಳು. ನಮ್ಮ ಕಡೆ ಟೀಚರೆಂದರೆ ಅಕ್ಕೋರು.)

“ಇವತ್ತಾ?”

“ಇವತ್ತು ಆಗೂದಿಲ್ಲ.”

“ನಾಳೆ?”

“ನಾಳೆನೂ ಇಲ್ಲ. ಆದ್ರೆ ಬತ್ತೆ. ಬರೂದಿಲ್ಲ ಅಂತ ನಾ ಯಾವತ್ತಾದ್ರೂ ಹೇಳಿದ್ನಾ?”

ಹೇಳಿಲ್ಲ. ತೊಂದರೆ ಇರುವುದೇ ಅಲ್ಲಿ.

ಸಿಂಧುವಿನ ಚಿಂತೆ ಬಾಗಿಲಿನದ್ದಾಗಿರಲಿಲ್ಲ. ಅವಳು ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ಲಾರ್ಜ್ ಕಾರ್ಡಿನಲ್. ಅನಂತಗಳಲ್ಲೂ ಸಣ್ಣದು, ದೊಡ್ಡದು ಅಂತ ಇದೆಯಂತೆ. ಅದರಲ್ಲಿ ತೀರಾ ದೊಡ್ಡವುಗಳಿಗೆ ಈ ಹೆಸರು. (ನಮ್ಮ ಪಕ್ಕದ ಮನೆಯ ಫಿಲೋಮಿನಾ ಬಾಯಿ ಇದನ್ನು ಕೇಳಿ, ಹುಡುಗಿ ಇಗರ್ಜಿಯಲ್ಲಿ ಪೋಪರ ನಂತರದ ದೊಡ್ಡ ದೊಡ್ಡ ಕಾರ್ಡಿನಲ್ ಪಾದ್ರಿಗಳ ಬಗ್ಗೆ ಓದುತ್ತಿದ್ದಾಳೆಂದು ತಿಳಿದು ಒಂದು ಕೇಕನ್ನೇ ಕಳಿಸಿದ್ದರು. ಕೇಕು ಚೆನ್ನಾಗಿತ್ತು. ನಾನು ತಿದ್ದಲು ಹೋಗಲಿಲ್ಲ.)

“ಚಿಕ್ಕೀ, ಎಂತ ಓದ್ತೆ ಅಂತ ಎಲ್ಲರೂ ಕೇಳ್ತ. ಹೇಳಿದ ಕೂಡ್ಲೆ ‘ಹೌದಾ, ಚಾ ಕುಡೀತ್ಯಾ?’ ಹೇಳ್ತ. ಇನ್ನೊಂದು ಪ್ರಶ್ನೆ ಕೇಳೂದೇ ಇಲ್ಲೆ. ಆಯಿ ಸಹ ಕೇಳಿದ್ದಿಲ್ಲೆ” ಎಂದಳು ಹಿಂದಿನ ದಿನ. ದನಿ ಸಣ್ಣಗಾಗಿತ್ತು. “ಎರಡನೇ ಪ್ರಶ್ನೆ ಕೇಳದಿದ್ದವನ್ನ ಮಾತ್ರ ನಾ ಮದುವೆ ಆಗೂದಿಲ್ಲೆ.”

ಆಯಿ ಅಂದರೆ ನಮ್ಮಕ್ಕ. ಕುಮಟಾದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಗಳೇನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ “ಲೆಕ್ಕದಲ್ಲಿ ಎಂತದೋ ದೊಡ್ಡದು” ಎಂದು ತಲೆ ತಗ್ಗಿಸಿ ಮಿಷನ್ ತುಳಿಯುತ್ತಾಳೆ. ಪ್ರೀತಿ ಇಲ್ಲವೆಂದಲ್ಲ. ಹೆದರಿಕೆ. ಕೇಳಿ ಅರ್ಥವಾಗದಿದ್ದರೆ ಮಗಳೆದುರು ದಡ್ಡಿಯಾಗುತ್ತೇನೆಂಬ ಹೆದರಿಕೆ. ಎಷ್ಟು ಮನೆಗಳಲ್ಲಿ ಇದಿಲ್ಲ ಹೇಳಿ?

ಹುಡುಗ ಪ್ರಶಾಂತ ಒಬ್ಬನೇ ಬೈಕಿನಲ್ಲಿ ಬಂದ. ಮುರ್ಡೇಶ್ವರದಲ್ಲಿ ಪ್ರವಾಸಿಗರಿಗೆ ಸಮುದ್ರದಲ್ಲಿ ಮುಳುಗುವುದನ್ನು ಕಲಿಸುತ್ತಾನೆ. (ಮೇಲೆ ಬರುವುದನ್ನೂ.) ಕೈಕಾಲು ತೊಳೆಯಬೇಕೆಂದ. ಪರದೆ ತೋರಿಸಿ ನಿಯಮ ಹೇಳಿದೆ. ಪಾಪ, ಕೆಮ್ಮುತ್ತ ಹೋಗಿ ಕೆಮ್ಮುತ್ತ ಬಂದ. ಅಡುಗೆಮನೆಯಿಂದ ಅಕ್ಕ, “ಹುಡುಗಂಗೆ ಎಂತದೋ ಕಾಯಿಲೆ ಇದ್ದು” ಎಂದು ಪಿಸುಗುಟ್ಟಿದಳು.

“ಬಾಗಿಲಿಗೆ ಎಂತ ಆತು ಆಂಟಿ?” ಎಂದು ಅವನು ಕೇಳಿದ. ಆಚಾರ್ರ ಕಥೆ ಹೇಳಿದೆ. ಅಷ್ಟುಹೊತ್ತು ಗೊಂಬೆಯ ಹಾಗೆ ಕೂತಿದ್ದ ಸಿಂಧು ನೆಟ್ಟಗಾದಳು.

“ಚಿಕ್ಕೀ, ಇದೇ ನನ್ನ ಥೀಸಿಸ್ಸು!”

ನಾವಿಬ್ಬರೂ ಅವಳ ಮುಖ ನೋಡಿದೆವು.

“ಬತ್ತೆ ಅಂದ್ರೆ ಎಂತ? ಇವತ್ತು ಬತ್ತೆ, ಅಥವಾ ನಾಳೆ ಬತ್ತೆ, ಅಥವಾ ನಾಡಿದ್ದು ಬತ್ತೆ... ಮುಗಿಯದೇ ಇರೋ ಒಂದು ವಾಕ್ಯ. ಅದರ ಜೊತೆಗೆ ದಿನಕ್ಕೊಂದು: ಇವತ್ತಿಲ್ಲ, ನಾಳೆ ಇಲ್ಲ, ನಾಡಿದ್ದಿಲ್ಲ. ಇದರಲ್ಲಿ ಒಂದು ಹಿಡಿ, ಎಣಿಸಿ ಮುಗಿಸೋವಷ್ಟು ಮಾತು ತೆಗೆದು ನೋಡಿ. ಸುಳ್ಳು ಅಂತ ಹೇಳ್ಲಿಕ್ಕೆ ಆಗೂದಿಲ್ಲ. ಆ ಹಿಡಿಯ ಕೊನೇ ದಿನದ ಮಾರನೇ ದಿನ ಬರಬಹುದಲ್ಲ? ಎಲ್ಲ ಮಾತನ್ನೂ ಒಟ್ಟಿಗೆ ಇಟ್ಟರೆ? ಬರೋ ದಿನವೇ ಉಳಿಯೂದಿಲ್ಲ!”

ವಾಕ್ಯಗಳು ಮುಗಿಯುವಂಥವಾದರೆ ಈ ಮೋಸ ನಡೆಯುವುದಿಲ್ಲವಂತೆ. ಎಷ್ಟೇ ದೊಡ್ಡ ರಾಶಿಯಿರಲಿ, ಅದರಿಂದ ತೆಗೆದ ಪ್ರತಿ ಹಿಡಿಯೂ ಎಲ್ಲಾದರೂ ನಿಜವಾಗಬಲ್ಲದಾದರೆ, ಇಡೀ ರಾಶಿ ಒಟ್ಟಿಗೇ ನಿಜವಾಗುವ ಲೋಕವೊಂದು ಇದ್ದೇ ಇರುತ್ತದೆ. ಮುಗಿಯದ ವಾಕ್ಯಗಳಿಗೆ ಅವಕಾಶ ಕೊಟ್ಟಿರೋ, ಆ ಭರವಸೆ ಹೋಯಿತು.

“ಅದನ್ನು ಸರಿ ಮಾಡ್ಲಿಕ್ಕೆ ಆಗೂದಿಲ್ವಾ?” ಎಂದ ಪ್ರಶಾಂತ.

ಎರಡನೇ ಪ್ರಶ್ನೆ! ನಾನು ಮನಸ್ಸಿನಲ್ಲೇ ಕಲ್ಯಾಣ ಮಂಟಪ ಬುಕ್ ಮಾಡಿದೆ.

“ಹಿಡಿಯನ್ನು ದೊಡ್ಡದು ಮಾಡಬೇಕು. ಒಂದು ಹಿಡಿಯಲ್ಲೇ ಅನಂತ ಮಾತು ಹಿಡಿಯೋ ಹಾಗೆ” ಎಂದಳು ಸಿಂಧು.

ಆಗ ಅಡುಗೆಮನೆಯ ಬಾಗಿಲಿಂದ ದನಿ ಬಂತು. ಅಕ್ಕ ಚಕ್ಕುಲಿಯ ತಟ್ಟೆ ಹಿಡಿದು ನಿಂತಿದ್ದಳು.

“ಹಂಗಾರೆ ಆಚಾರ್ರ ಮಾತೆಲ್ಲ ಒಂದೇ ಹಿಡಿಗೆ ಬಂತು. ಅವರು ಅಲ್ಲೇ ಸಿಕ್ಕಿಬಿದ್ರು. ಆದ್ರೆ ಅವರಿಗಿಂತ ದೊಡ್ಡ ಸುಳ್ಳ ಬಂದ್ರೆ? ಆ ಹಿಡಿಗೂ ಸಿಕ್ಕದೇ ಇದ್ದವ?”

(‘ಬ್ಲೌಸ್ ನಾಳೆ ಕೊಡ್ತೆ’ ಎಂದು ಗಿರಾಕಿಗಳಿಗೆ ಹೇಳುವುದರಲ್ಲಿ ನಮ್ಮಕ್ಕನ ಅನುಭವವೇನೂ ಸಣ್ಣದಲ್ಲ.)

ಸಿಂಧು ಕುರ್ಚಿಯಿಂದ ಎದ್ದೇಬಿಟ್ಟಳು. “ಆಯೀ! ಅದೇ! ಅದೇ ಪ್ರಶ್ನೆ! ಅನಂತ ಎಷ್ಟೇ ದೊಡ್ಡದು ತಗಂಡ್ರೂ ಸಾಮಾನ್ಯವಾಗಿ ಯಾವನೋ ಒಬ್ಬ ಜಾರಿ ಹೋಗ್ತಾ. ಎಂಥ ಸುಳ್ಳನೂ ಜಾರದೇ ಇಪ್ಪಂಥ ಅನಂತ ಒಂದಿದ್ರೆ, ಅದೇ ನನ್ನ ಲಾರ್ಜ್ ಕಾರ್ಡಿನಲ್ಲು!” (ಸುಳ್ಳನ ಒಂದೊಂದು ವಾಕ್ಯವೂ ಆ ಅನಂತಕ್ಕಿಂತ ಗಿಡ್ಡವಿರಬೇಕು. ಅದೊಂದು ಷರತ್ತು.) ಎಣಿಸಿ ಮುಗಿಸಲಾಗದ ಗಾತ್ರವನ್ನು ಮಾತಿನ ನಡತೆ ನೋಡಿ ಗುರುತು ಹಿಡಿಯುವುದು, ಅವಳ ಕೆಲಸವೆಂದರೆ ಇಷ್ಟು.

“ಅಂಥದ್ದು ಇದ್ದಾ?” ಅಕ್ಕನ ಮುಂದಿನ ಪ್ರಶ್ನೆ. (ನಮ್ಮ ಮನೆಮಾತಿನಲ್ಲಿ ‘ಇದ್ದು’ ಅಂದರೆ ಇದೆ, ‘ಹೇಳಿ’ ಅಂದರೆ ಎಂದು.)

“ಒಂದು, ಎರಡು ಹೇಳಿ ಎಣಿಸ್ತಾ ಹೋದ್ರೆ ಸಿಗೂ ಮೊದಲನೇ ಅನಂತ ಹಂಗೇ ಇದ್ದು. ಅದಕ್ಕಿಂತ ದೊಡ್ಡದು? ಇದ್ದು ಹೇಳಿ ಗಣಿತದ ಮಾಮೂಲಿ ನಿಯಮಗಳಿಂದ ಸಾಧಿಸಲೆ ಆಗ್ತಿಲ್ಲೆ. ಇಲ್ಲೆ ಹೇಳಿನೂ ಯಾರೂ ತೋರಿಸಿದ್ದಿಲ್ಲೆ.”

“ಇದ್ದೋ ಇಲ್ಯೋ ಗೊತ್ತಿಲ್ಲದೇ ಇದ್ದದ್ದನ್ನ ಇಷ್ಟು ವರ್ಷ ಹುಡುಕ್ತಾ ಇದ್ಯಾ? ಹೆದರಿಕೆ ಆಗ್ತಿಲ್ಯಾ ಮಗಾ?”

“ಆಗ್ತು ಆಯೀ. ದಿನಾ ಆಗ್ತು” ಎಂದಳು ಸಿಂಧು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

ಅಕ್ಕ ಮಗಳ ಪಕ್ಕದಲ್ಲೇ ಕೂತಳು. “ಇನ್ನೊಂದ್ಸಲ ಮೊದಲಿಂದ ಹೇಳು. ನಿಧಾನಕ್ಕೆ ಹೇಳು.”

ಚಕ್ಕುಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಪ್ರಶಾಂತ ತಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು ನನಗೊಂದು ಕೊಟ್ಟು ತಾನೊಂದು ತಿಂದ. ಅವನು ಹೊರಡಲು ಎದ್ದಾಗಲೂ ತಾಯಿ ಮಗಳು ಹಿಡಿ, ರಾಶಿ ಎನ್ನುತ್ತಲೇ ಇದ್ದರು. ಗೇಟಿನವರೆಗೆ ನಾನೇ ಹೋದೆ.

“ಸಂಬಳ ಎಷ್ಟು ಅಂತ ಕೇಳದೇ ಇದ್ದ ಮನೆ ಇದೇ ಮೊದಲು ಆಂಟಿ” ಎಂದ.

“ಕೇಳ್ಲಿಕ್ಕೆ ಪುರುಸೊತ್ತು ಯಾರಿಗಿತ್ತು ಮಾರಾಯಾ?”

ಜೋರಾಗಿ ನಕ್ಕ. ಹೆಲ್ಮೆಟ್ ಹಾಕಿದವನು ಮತ್ತೆ ತೆಗೆದ. “ಸಿಂಧು ಅವರ ನಂಬರ್ ಕೊಡ್ತೀರಾ? ನಂಗೂ ಇನ್ನೊಂದು ಪ್ರಶ್ನೆ ಇತ್ತು. ನಡುವೆ ಜಾಗವೇ ಸಿಗಲಿಲ್ಲ.”

ಕೊಟ್ಟಿದ್ದೇನೆ. ಮದುವೆ ಆಗುತ್ತದೋ ಇಲ್ಲವೋ, ಅದನ್ನು ಸಾಧಿಸುವುದು ನನ್ನ ಕೆಲಸವಲ್ಲ.

ಆದರೆ ಒಂದು ಮಾತು. ಅವತ್ತು ಹುಡುಗಿ ನೋಡಲು ಬಂದವನು ಹುಡುಗ. ಹುಡುಗಿಯನ್ನು ಮೊದಲ ಸಲ ನೋಡಿದ್ದು ಅವಳ ಆಯಿ.