ಅಕ್ಕನ ಬಾಗಿಲಲ್ಲಿ ನಿಂತ ಗಾಲಿಮನೆ

ಹೋದ ಭಾನುವಾರ ನಾನು ಒಂದು ಅಡುಗೆಮನೆ, ಎರಡು ಅಂತಸ್ತಿನ ಮಂಚ, ಒಂದು ಫ್ರಿಜ್ ಮತ್ತು ಒಂದು ಕಕ್ಕಸಿನ ಸಮೇತ ನನ್ನ ಅಕ್ಕನ ಮನೆಗೆ ಹೋದೆ. ಹದಿನಾಲ್ಕು ವರ್ಷದ ಮೇಲೆ ಊಟಕ್ಕೆ ಹೋಗುವವಳು ಬರಿಗೈಯಲ್ಲಿ ಹೋಗಬಾರದು ನೋಡಿ.

ತಮಾಷೆಯಲ್ಲ. ನಮ್ಮ ಅಳಿಯಂದಿರು ಪ್ರಕಾಶ್ ಹದಿನೈದು ದಿನದ ರೋಡ್ ಟ್ರಿಪ್ಪಿಗೆಂದು ಟ್ರಾವೆಲ್ ಟ್ರೇಲರ್ ಒಂದನ್ನು ಬಾಡಿಗೆಗೆ ತಂದಿದ್ದಾರೆ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವ ಬೆಳ್ಳನೆಯ ಪೆಟ್ಟಿಗೆ. ನಂಜನಗೂಡಿನ ನಮ್ಮ ಬೀದಿಗೆ ಅದು ಬಂದು ನಿಂತಾಗ ಎದುರುಮನೆಯವರು ಸಂಚಾರಿ ಆಸ್ಪತ್ರೆ ಅಂದುಕೊಂಡು ಬಿ.ಪಿ. ಚೀಟಿ ಹಿಡಿದು ಬಂದರು. (ಅವರದೇನು ತಪ್ಪು? ಒಳಗಿನ ವಾಸನೆಯೂ ಹಾಗೇ ಇತ್ತು.)

ಪ್ಲಾನ್ ಏನೆಂದರೆ ನರಸೀಪುರ, ಕೊಳ್ಳೇಗಾಲದ ಮೇಲೆ ತಮಿಳುನಾಡಿಗೆ ಇಳಿಯುವುದು. ರಾಮೇಶ್ವರ, ಕನ್ಯಾಕುಮಾರಿ ಮುಗಿಸಿ ಕೇರಳ ಹತ್ತಿ ಗುಂಡ್ಲುಪೇಟೆ ಕಡೆಯಿಂದ ವಾಪಸ್ಸು. ಯಾತ್ರಿಗಳು ಅಳಿಯಂದಿರು, ಮಗಳು ಸುಮನಾ, ಹನ್ನೊಂದರ ಮೊಮ್ಮಗ ಆರವ್, ಏಳರ ಮೊಮ್ಮಗಳು ದಿಯಾ, ಮತ್ತು ಎಪ್ಪತ್ತಾರರ ನಾನು. ನನಗೆ ಕೊಟ್ಟಿದ್ದು ಡೈನಿಂಗ್ ಟೇಬಲ್. ರಾತ್ರಿ ಊಟವಾದ ಮೇಲೆ ಅದನ್ನು ತಗ್ಗಿಸಿ ಕುಷನ್ ಹಾಕಿದರೆ ಬೆಡ್ ಆಗುತ್ತದಂತೆ. ಬೆಳಿಗ್ಗೆ ಯಾರಿಗಾದರೂ ಬೇಗ ಹಸಿವಾದರೆ ನಾನು ಏಳಬೇಕು. ಅಷ್ಟೇ.

"ಅತ್ತೆ, ಇದು ಕಂಪ್ಲೀಟ್ಲಿ ಸೆಲ್ಫ್ ಕಂಟೇನ್ಡ್," ಎಂದರು ಪ್ರಕಾಶ್, ಗೃಹಪ್ರವೇಶದ ದಿನದ ಯಜಮಾನರ ಮುಖ ಮಾಡಿಕೊಂಡು. "ಹದಿನೈದು ದಿನ ನಮಗೆ ಯಾರ ಹಂಗೂ ಬೇಡ. ನೀರು, ಗ್ಯಾಸು, ಟಾಯ್ಲೆಟ್ಟು, ಎಲ್ಲಾ ನಮ್ದೇ. ಯಾರಿಗೂ ತೊಂದರೆ ಕೊಡಂಗಿಲ್ಲ."

ಕೇಳಲು ಎಷ್ಟು ಚೆಂದ! ನಮ್ಮ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ದಿನಾ ಇದನ್ನೇ ಹೇಳುತ್ತಿದ್ದರು. 'ನೆವರ್ ಬಿ ಎ ಬರ್ಡನ್, ಗರ್ಲ್ಸ್.' ನಾನು ಆಗ ಡೈರಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದೆ. ಈಗ ನೋಡಿದರೆ ಇಡೀ ದೇಶವೇ ಆ ಡೈರಿ ಓದಿದ ಹಾಗಿದೆ. ಮನೆಗೆ ಬಂದವರು ನೀರು ಕೊಟ್ಟರೆ ಬ್ಯಾಗಿನಿಂದ ಬಾಟಲ್ ತೆಗೆದು ತೋರಿಸುತ್ತಾರೆ. ಕಾಫಿ ಕೇಳಿದರೆ 'ಈಗಷ್ಟೇ ಆಯ್ತು' ಅನ್ನುತ್ತಾರೆ. ಬರುವ ಮೊದಲು ಫೋನ್, ಫೋನಿಗೆ ಮೊದಲು ಮೆಸೇಜ್. ಒಟ್ಟಿನಲ್ಲಿ ಯಾರೂ ಯಾರಿಗೂ ತೊಂದರೆ ಕೊಡುತ್ತಿಲ್ಲ. ಯಾರೂ ಯಾರಿಗೂ ಬೇಕಾಗಿಯೂ ಇಲ್ಲ.

ಇರಲಿ. ಟ್ರಿಪ್ಪಿಗೆ ಬರಲು ನಾನು ಒಂದೇ ಕಂಡೀಷನ್ ಹಾಕಿದ್ದೆ. ಮೊದಲ ಸ್ಟಾಪು ಹೆಮ್ಮಿಗೆ. ನನ್ನ ಅಕ್ಕ ಪುಟ್ಟತಾಯಮ್ಮನ ಮನೆ.

ಹದಿನಾಲ್ಕು ವರ್ಷದಿಂದ ಆ ಮನೆಯಲ್ಲಿ ನಾನು ಯಾಕೆ ಉಂಡಿರಲಿಲ್ಲ? ಸುಮನಾಳ ಮದುವೆಯ ಕತೆ ಅದು. ಮೈಸೂರಿನ ದೊಡ್ಡ ಹಾಲ್‌ನಲ್ಲಿ ಮಾಡಿದೆವು. ಎಲೆ ಊಟ ಬೇಡ, ಬಫೆ ಇರಲಿ, ನೀಟಾಗಿರುತ್ತೆ ಎಂದು ಹಟ ಹಿಡಿದವಳು ನಾನೇ. ನನ್ನ ಭಾವ, ಅಂದರೆ ಅಕ್ಕನ ಗಂಡ, ಊರಿನ ಎಂಟು ಹತ್ತು ಜನ ಹಿರಿಯರನ್ನು ಕರೆದುಕೊಂಡು ಬಂದಿದ್ದರು. ಕೈಗೆ ಪ್ಲೇಟು ಕೊಟ್ಟು ಕ್ಯೂನಲ್ಲಿ ನಿಲ್ಲಿ ಅಂದರು ಯೂನಿಫಾರ್ಮ್‌ನ ಹುಡುಗರು. ಭಾವ ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿಂತ್ಕಂಡು ಮೇಯಕ್ಕೆ ನಾವೇನ್ ದನಗಳಾ?" ಎಂದರು. ಪ್ಲೇಟನ್ನು ಮೇಜಿನ ಮೇಲಿಟ್ಟರು. ಹೊರಟೇಹೋದರು. ಅವರ ಹಿಂದೆ ಹಿರಿಯರು, ಅವರ ಹಿಂದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನನ್ನ ಅಕ್ಕ.

ನಮ್ಮ ಕಡೆ ಜಗಳವಾಡಿದರೆ ಸಂಬಂಧ ಕೆಡುವುದಿಲ್ಲ. ಬಾಗಿಲಿಗೆ ಬಂದವರು ಉಣ್ಣದೆ ಎದ್ದುಹೋದರೆ ಕೆಟ್ಟಿತು. ಅಲ್ಲಿಂದಾಚೆ ಅವರು ನಮ್ಮ ಮನೆಯಲ್ಲಿ ಕೈ ತೊಳೆಯಲಿಲ್ಲ, ನಾವು ಅವರ ಮನೆಯಲ್ಲಿ ತೊಳೆಯಲಿಲ್ಲ. ಹೋದ ವರ್ಷ ಭಾವ ತೀರಿಕೊಂಡಾಗ ಹೋಗಿ ಮುಖ ನೋಡಿ ಬಂದೆ. ಅಷ್ಟೇ.

ಮೊನ್ನೆ ಅಕ್ಕನೇ ಫೋನ್ ಮಾಡಿದಳು. "ಲಲಿತೂ, ಮಕ್ಕಳ ಕರ್ಕಂಡು ಬಾರೇ. ಒಂದೊತ್ತು ಉಂಡ್ಕಂಡ್ ಹೋಗೀರಂತೆ. ನಂಗೂ ಎಂಬತ್ತೆರಡಾಯ್ತು. ಇದ್ನೆಲ್ಲ ಎಷ್ಟ್ ದಿನಾಂತ ಎಳೀತೀಯೆ?"

ಎಳೆದವರು ಯಾರು ಎಂದು ಕೇಳುವ ಮುಖ ನನಗಿರಲಿಲ್ಲ. "ಬರ್ತೀವಿ ಅಕ್ಕ" ಎಂದೆ. ಆದರೆ ನಮ್ಮ ಮನೆಯವರಿಗೆ ಈ ಕತೆ ಪೂರ್ತಿ ಹೇಳಲಿಲ್ಲ. ಬಫೆ ನನ್ನ ಐಡಿಯಾ ಅಂತ ಅಳಿಯಂದಿರ ಎದುರು ಯಾವ ಬಾಯಲ್ಲಿ ಹೇಳಲಿ? 'ಜಸ್ಟ್ ಎ ಲಂಚ್' ಎಂದಿದ್ದೆ. ನನ್ನ ತಪ್ಪು ಅಲ್ಲೇ ಶುರುವಾಯಿತು.

ಹೆಮ್ಮಿಗೆ ತಲುಪುವ ಹೊತ್ತಿಗೆ ಹನ್ನೆರಡೂವರೆ. ಫೋನಿನ ಮ್ಯಾಪು ಹೇಳಿದ ಕಡೆಯೆಲ್ಲ ತಿರುಗಿ ತಿರುಗಿ, ಅಕ್ಕನ ಬೀದಿಗೆ ನುಗ್ಗಿ, ಅವಳ ಜಗಲಿಗೂ ಎದುರಿನ ಕರೆಂಟು ಕಂಬಕ್ಕೂ ನಡುವೆ ಟ್ರೇಲರ್ ಬಂದು ನಿಂತಿತು. ಅಕ್ಕ ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ದಿಯಾ ಚೊಂಬು ನೋಡಿ, ತನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಬಾಟಲ್ ಎತ್ತಿ ತೋರಿಸಿ, "ನೋ ಥ್ಯಾಂಕ್ಸ್ ದೊಡ್ಡಜ್ಜಿ, ಐ ಹ್ಯಾವ್ ಮೈ ಓನ್" ಎಂದಿತು.

ಎಲ್ಲರೂ ಕಾಲಿಗೆ ಬಿದ್ದರು. ಆಶೀರ್ವಾದವಾಯಿತು. ಒಳಗಿನಿಂದ ಕಾಯಿಹಾಲಿನ ಘಮ. ಅಕ್ಕ ಬೆಳಿಗ್ಗೆ ಎದ್ದು ಶಾವಿಗೆ ಒತ್ತಿದ್ದಳು. ಎಂಬತ್ತೆರಡರ ತೋಳಿನಲ್ಲಿ.

"ದೊಡ್ಡತ್ತೆ, ನೀವು ಏನೂ ತೊಂದರೆ ತಗೋಬೇಡಿ," ಎಂದರು ಪ್ರಕಾಶ್, ಕೈ ಮುಗಿದು, ಬಹಳ ಒಳ್ಳೆಯತನದಿಂದ. "ಊಟ ನಮ್ಮ ಗಾಡೀಲೇ ಇದೆ. ಮಕ್ಕಳಿಗೆ ಫಸ್ಟ್ ಡೇನೇ ಹೊಟ್ಟೆ ಅಪ್‌ಸೆಟ್ ಆಗೋದು ಬೇಡ ಅಂತ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಗೆ ಹೋಗಿ ಟ್ರೇಲರಿನ ಪಕ್ಕದಿಂದ ಚಪ್ಪರದಂಥ ಬಟ್ಟೆ ಎಳೆದರು. ಮಡಚುವ ಕುರ್ಚಿಗಳು ಬಂದವು. ಸುಮನಾ ಡಬ್ಬಿ ತೆಗೆದು ಪಾಸ್ತಾ ಬಡಿಸತೊಡಗಿದಳು. ಎಲ್ಲಿ? ಅಕ್ಕನ ಹೊಸಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬೀದಿಯ ನಡುವೆ!

ಕಾಡಿನಲ್ಲಿ ಹೀಗೆ ಕೂತು ಉಂಡರೆ ಪಿಕ್ನಿಕ್. ನೆಂಟರ ಬಾಗಿಲಲ್ಲಿ ಕೂತು ಉಂಡರೆ ಅದು ಡಂಗುರ. 'ಈ ಮನೆ ಅನ್ನ ನಾವು ಮುಟ್ಟುವುದಿಲ್ಲ' ಎಂದು ಮೈಕು ಹಿಡಿದು ಕೂಗಿದರೂ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ.

ಪಕ್ಕದ ಮನೆಯ ಹೆಂಗಸು ಜಗಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಏನ್ ಪುಟ್ತಾಯಮ್ಮಾರೆ, ನಿಮ್ ನೆಂಟ್ರು ಬುತ್ತಿ ಕಟ್ಕಂಡೇ ಬಂದವ್ರೆ? ಒಲೆನೂ ತಂದವ್ರಾ, ಇಲ್ಲಾ ಅದೊಂದಾದ್ರೂ ನಿಮ್ದಾ?"

ಅಕ್ಕ ಚೊಂಬನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅದೇ ನಡಿಗೆ. ಹದಿನಾಲ್ಕು ವರ್ಷದ ಹಿಂದೆ ಆ ಹಾಲ್‌ನಿಂದ ಹೊರಗೆ ಹೋದದ್ದು ಹೀಗೇ.

"ಸುಮನಾ, ಡಬ್ಬಿ ಮುಚ್ಚು," ಎಂದೆ.

"ಅಮ್ಮ, ಯಾಕೆ ಸೀನ್ ಮಾಡ್ತೀಯಾ? ದೊಡ್ಡಮ್ಮಂಗೆ ಈ ವಯಸ್ಸಲ್ಲಿ ಐದು ಜನಕ್ಕೆ ಬಡಿಸೋ ಕೆಲಸ ಯಾಕೆ? ಐ ಆಮ್ ಬೀಯಿಂಗ್ ಕನ್ಸಿಡರೇಟ್."

ಕನ್ಸಿಡರೇಟ್! ಈ ಪದವನ್ನು ಕಲಿಸಿದವಳೂ ನಾನೇ. ಯಾರನ್ನು ಬಯ್ಯಲಿ?

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ರ್ಯಾಕ್ಟರಿನ ಹಾರನ್. ಹುಲ್ಲು ತುಂಬಿದ ಟ್ರಾಲಿ ಎಳೆದುಕೊಂಡು ಅಕ್ಕನ ಸೊಸೆ ಭಾಗ್ಯ ಗದ್ದೆ ಕಡೆಯಿಂದ ಬರುತ್ತಿದ್ದಳು. (ನಲವತ್ತರ ಹೆಂಗಸು, ನೈಟಿಯ ಮೇಲೆ ಗಂಡನ ಶರಟು, ತಲೆಗೆ ಟವೆಲ್ಲು. ಟ್ರ್ಯಾಕ್ಟರ್ ಅವಳದೇ.) ದಾರಿಯಿಲ್ಲ. ನಮ್ಮ ಸೆಲ್ಫ್ ಕಂಟೇನ್ಡ್ ಪೆಟ್ಟಿಗೆ ಇಡೀ ಬೀದಿಗೆ ಬಿರಡೆ ಹಾಕಿತ್ತು.

"ಒಂದ್ನಿಮಿಷ, ರಿವರ್ಸ್ ತಗೋತೀನಿ," ಎಂದು ಪ್ರಕಾಶ್ ಚಪ್ಪರ ಮಡಚಿ, ಕುರ್ಚಿಗಳನ್ನು ಬಾಗಿಲ ಪಕ್ಕಕ್ಕೆ ಸರಿಸಿ ಜೀಪು ಹತ್ತಿದರು.

ಓದುಗರೇ, ನೀವು ಎಂದಾದರೂ ಟ್ರೇಲರನ್ನು ಹಿಂದಕ್ಕೆ ತೆಗೆದಿದ್ದೀರಾ? ನಾನೂ ಇಲ್ಲ. ಆದರೆ ಆವತ್ತು ತಿಳಿಯಿತು, ನೀವು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಅಳಿಯಂದಿರಿಗೂ ಆವತ್ತೇ ತಿಳಿದದ್ದು. ಮೊದಲ ಸಲ ಜಗಲಿಗೆ ಮುತ್ತಿಟ್ಟಿತು. ಎರಡನೇ ಸಲ ಕಂಬ. ಮೂರನೇ ಸಲ ಜೀಪೂ ಟ್ರೇಲರೂ ಮುನಿಸಿಕೊಂಡ ಗಂಡಹೆಂಡಿರ ಹಾಗೆ ಒಂದೊಂದು ಗೋಡೆಗೆ ಮುಖ ಮಾಡಿ ನಿಂತವು. ರಿವರ್ಸ್ ಕ್ಯಾಮೆರಾದಲ್ಲಿ ಒಂದು ಎಮ್ಮೆಯ ಮುಖ ಮಾತ್ರ ಕಾಣುತ್ತಿತ್ತು. ಅದಕ್ಕೂ ನಗು ಬಂದಿತ್ತೋ ಏನೋ. ಅಷ್ಟರಲ್ಲಿ ಸುತ್ತ ಊರ ಜನ ಸೇರಿ ಪಾಠ ಹೇಳಿಕೊಡತೊಡಗಿದ್ದರು.

"ಎಡಕ್ಕೊಡೀರಿ ಸಾ, ಎಡಕ್ಕೆ!"

"ಅಯ್ಯೋ, ಅಂಗಲ್ಲ ಸಾ! ಅದ್ ಎಡಕ್ಕೋಗ್ಬೇಕು ಅಂದ್ರೆ ನೀವ್ ಬಲಕ್ಕೊಡೀಬೇಕು!"

"ಇದ್ರ ಆಕ್ಸೆಲ್ ಬೇರೆ ರೀ, ಇಂಪೋರ್ಟೆಡ್!" ಎಂದು ಕಿಟಕಿಯಿಂದ ಕೂಗಿದರು ಅಳಿಯಂದಿರು.

"ಅದ್ಕೇಯಾ ಸಾ, ಕನ್ನಡ ಬತ್ತಿಲ್ಲ!"

ಊರಿಗೆ ಊರೇ ನಕ್ಕಿತು. ಭಾಗ್ಯ ಟ್ರ್ಯಾಕ್ಟರಿನಿಂದ ಇಳಿದು ಬಂದಳು. ಬಾಗಿಲ ಹತ್ತಿರ ನಿಂತು ಕುರ್ಚಿ ನೋಡಿದಳು, ಪಾಸ್ತಾ ನೋಡಿದಳು, ಒಳಗೆ ಇಣುಕಿ ಅತ್ತೆಯ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಅಣ್ಣ, ಗಾಡಿ ನಾ ತೆಗೀತೀನಿ, ಇಳೀರಿ."

ಪ್ರಕಾಶ್ ಇಳಿದರು. ಬೆವರು ಒರೆಸಿಕೊಂಡರು. "ಥ್ಯಾಂಕ್ಸ್ ಭಾಗ್ಯಾವ್ರೆ. ಕೀ ಅದ್ರಲ್ಲೇ ಇದೆ."

"ಈಗಲ್ಲ. ಊಟ ಆದ್ಮ್ಯಾಕೆ."

"ನಮ್ದು ಪಾಸ್ತಾ..."

"ಅದ್ನ ನಮ್ ಎಮ್ಮೆಗಾಕಿ, ತಿಂದ್ರೆ ತಿನ್ನಲಿ. ನಮ್ಮತ್ತೆ ಬೆಳಕರಿಯಕ್ ಮುಂಚೆ ಎದ್ದವ್ಳೆ ಅಣ್ಣ. ನಮ್ ಬಾಗ್ಲಲ್ಲಿ ನಿಂತಿರೋ ಗಾಡೀನ, ಒಳಗಡೆ ಉಣ್ದಿರೋರ ಗಾಡೀನ, ನಾ ಮುಟ್ಟಾಕಿಲ್ಲ."

ಗುಂಪಿನಲ್ಲಿದ್ದ ಒಬ್ಬ ಮುಂದೆ ಬಂದ. "ಬುಡಮ್ಮ, ನಾನೇ ತೆಗ್ದ್..."

"ಮಾದೇವಣ್ಣಾ!" ಎಂದಳು ಭಾಗ್ಯ. ಅಷ್ಟೇ ಎಂದದ್ದು.

ಆ ಬೀದಿಯಲ್ಲಿ ಆಗ ಏನಿಲ್ಲವೆಂದರೂ ಹತ್ತು ಜನ ಟ್ರ್ಯಾಕ್ಟರ್ ಓಡಿಸುವವರಿದ್ದರು. ಕಬ್ಬಿನ ಲೋಡನ್ನು ಕಣ್ಣುಮುಚ್ಚಿ ಹಿಂದಕ್ಕೆ ಹಾಕುವವರು. ಆ ಕ್ಷಣದಿಂದ ಒಬ್ಬನಿಗೂ ರಿವರ್ಸ್ ಬರುತ್ತಿರಲಿಲ್ಲ. ಒಬ್ಬನಿಗೆ ಭುಜ ನೋವು. ಇನ್ನೊಬ್ಬನಿಗೆ ಇಂಪೋರ್ಟೆಡ್ ಆಕ್ಸೆಲ್ ಅಂದರೆ ಭಯ. ಮಾದೇವಣ್ಣ ಆಕಾಶ ನೋಡಿದ.

ನಾನು ಅಳಿಯಂದಿರನ್ನು ಪಕ್ಕಕ್ಕೆ ಕರೆದು ಹದಿನಾಲ್ಕು ವರ್ಷದ ಕತೆಯನ್ನು ಎರಡು ನಿಮಿಷದಲ್ಲಿ ಹೇಳಿದೆ. ಬಫೆ ಸಮೇತ. ಪಾಪ, ಅವರು ಕೆಟ್ಟವರಲ್ಲ. ಮುಖ ಕೆಂಪಾಯಿತು. "ಅತ್ತೆ, ಮೊದಲೇ ಹೇಳಬಾರದಿತ್ತಾ?" ಎಂದರು. ಚೊಂಬಿನ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋದರು.

ಎಲೆ ಹಾಕಿತ್ತು. ಶಾವಿಗೆ, ಕಾಯಿಹಾಲು, ನಾಟಿ ಕೋಳಿ ಸಾರು, ಮುದ್ದೆ. ಕುರ್ಚಿಗೆ ಒಗ್ಗಿದ ಮೊಣಕಾಲುಗಳನ್ನು ಮಡಿಸಲು ಅಳಿಯಂದಿರು ಪಟ್ಟ ಪಾಡು ರಿವರ್ಸಿಗಿಂತ ಕಡಿಮೆಯೇನಲ್ಲ. ಆರವ್ ಮೂರು ಸಲ ಶಾವಿಗೆ ಹಾಕಿಸಿಕೊಂಡ. ದಿಯಾ ಮುದ್ದೆಯನ್ನು ಅಗಿದೂ ಅಗಿದೂ ಸುಸ್ತಾದಾಗ ಅಕ್ಕ, "ನುಂಗವ್ವ, ಅಗೀಬ್ಯಾಡ. ಅದೇನ್ ಚೂಯಿಂಗ್ ಗಮ್ಮಾ?" ಎಂದಳು. ಸುಮನಾ ತಲೆ ತಗ್ಗಿಸಿ ಉಂಡಳು. ಯಾರ ಹೊಟ್ಟೆಯೂ ಅಪ್‌ಸೆಟ್ ಆಗಲಿಲ್ಲ. (ನನ್ನದು ಹದಿನಾಲ್ಕು ವರ್ಷದಿಂದ ಆಗಿತ್ತು. ಆವತ್ತು ಸರಿಹೋಯಿತು.)

ಅಕ್ಕ ನನಗೆ ಬಡಿಸಲು ಬಗ್ಗಿದಳು. "ಅಕ್ಕ, ಆ ಬಫೆ ನಂದೇ ಐಡಿಯಾ ಕಣೇ," ಎಂದೆ.

"ಇನ್ಯಾರ್ದು? ಅಪ್ಪ ಕಾನ್ವೆಂಟಿಗಾಕಿದ್ದು ನಿನ್ನೊಬ್ಳನ್ನೇ ಅಲ್ವಾ? ಉಣ್ಣು."

ಭಾಗ್ಯ ಸಾರು ತರುತ್ತ ನಕ್ಕಳು. "ಚಿಕ್ಕತ್ತೆ, ಮಾವ ಸಾಯಗಂಟ ಒಂದೇ ಯೋಳೋರು. 'ಆ ಮದ್ವೇಲಿ ಹೋಳಿಗೆ ಮಾಡಿದ್ರು ಕಣವ್ವ, ಕೋಪದಲ್ಲಿ ಬುಟ್ಬಂದ್ಬುಟ್ಟೆ' ಅಂತ."

ಭಾವನವರ ಕೋಪ ಬಲ್ಲೆ. ಆಸೆ ಗೊತ್ತಿರಲಿಲ್ಲ. ಒಬ್ಬರಾದರೂ ಹೋಗಿ ಕೈ ಹಿಡಿದು ಎಳೆದು ಕೂರಿಸಿದ್ದರೆ ಸಾಕಿತ್ತು. ನಾನು ಆಗ ಏನು ಮಾಡುತ್ತಿದ್ದೆ? ಫೋಟೋಗೆ ನಿಂತಿದ್ದೆ. ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ಅಕ್ಕ ನೀರಿನ ಲೋಟ ಮುಂದೆ ತಳ್ಳಿದಳು.

ಊಟವಾದ ಮೇಲೆ ಭಾಗ್ಯ, ಸೊಂಟಕ್ಕೆ ಸಿಕ್ಕಿಸಲು ನೈಟಿಗೆ ಸೆರಗಿಲ್ಲವಾದ್ದರಿಂದ, ಶರಟಿನ ತುದಿಗಳನ್ನೇ ಗಂಟು ಹಾಕಿ ಜೀಪು ಹತ್ತಿದಳು. ಸ್ಟೀರಿಂಗಿನ ಕೆಳಗಡೆ ಒಂದೇ ಕೈ ಇಟ್ಟಳು. ಕ್ಯಾಮೆರಾದ ಕಡೆ ನೋಡಲೂ ಇಲ್ಲ. ಆ ಬೆಳ್ಳನೆಯ ಪೆಟ್ಟಿಗೆ ಮದುವಣಗಿತ್ತಿಯಂತೆ ತಲೆ ತಗ್ಗಿಸಿ ಹಿಂದೆ ಹಿಂದೆ ಹೋಗಿ ರಸ್ತೆಗೆ ಸೇರಿತು. ಆರವ್ ಚಪ್ಪಾಳೆ ತಟ್ಟಿದ. ಅವನ ಅಪ್ಪನೂ ತಟ್ಟಿದರು, ಸ್ವಲ್ಪ ತಡವಾಗಿ.

ಹೊರಡುವ ಮುಂಚೆ ಅಕ್ಕ, "ಒಳಗೇನೈತೆ ತೋರ್ಸಪ್ಪ" ಎಂದಳು. ಪ್ರಕಾಶ್ ಕೈ ಹಿಡಿದು ಹತ್ತಿಸಿ ಒಂದೊಂದೇ ತೋರಿಸಿದರು. ಇದು ಒಲೆ, ಇದು ಸಿಂಕು, ಇದು ಬಂಕ್ ಬೆಡ್, ಇದು ಸೋಲಾರು. ಅಕ್ಕ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದಳು.

"ಬೋ ಚೆನ್ನಾಗದೆ ಕಣಪ್ಪ," ಎಂದಳು. "ಅಲ್ಲಾ, ನಾಳೀಕೆ ನಾನೇ ಬಂದೆ ಅನ್ಕೋ. ನನ್ನ ಎಲ್ಲಿ ಕೂರ್ಸೀಯೆ?"