ಧಾರವಾಡದವರನ್ನು ಕುಣಿಸಿದವನು ನಾನು

ಸುಳ್ಳು ಅನ್ನುವವರು ಬೇಕಾದರೆ ಆಣೆ ಹಾಕಿಸಲಿ, ಹುಬ್ಬಳ್ಳಿಯ ವಸ್ತುಪ್ರದರ್ಶನದಲ್ಲಿ ಮುಂಬಯಿಯ ಗಿಟಾರು ತಂಡದವರ ಮಾನ ಉಳಿಸಿದವನು ನಾನೇ. ಉಣಕಲ್ಲಿನ ಚಹಾದಂಗಡಿಯ ರೇಡಿಯೋದಲ್ಲಿ ಅವರ ಹಾಡು ಕೇಳಿ ಹುಚ್ಚನಾಗಿದ್ದೆ. ಆದರೆ ಅವತ್ತು ಕುರ್ಚಿಗಳಲ್ಲಿ ಧಾರವಾಡದ ಮಂದಿ, ಖ್ಯಾಲ್ ಕೇಳುವವರ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಎರಡು ಹಾಡಾದರೂ ಯಾರೂ ಅಲುಗಲಿಲ್ಲ. ಯಾರಿಗೂ ಸೇರಲಿಲ್ಲವೆಂದು ತಿಳಿದು ಹಾಡುಗಾರ ಗಿಟಾರು ಕೆಳಗಿಟ್ಟ. ನನ್ನ ಮೆಚ್ಚಿನ ಹಾಡು ಇನ್ನೂ ಬಂದಿರಲೇ ಇಲ್ಲ!

ಎದ್ದವನೇ ಜೋಳದ ಹೊಲದಲ್ಲಿ ಹಕ್ಕಿ ಎಬ್ಬಿಸುವ ಸಿಳ್ಳು ಹೊಡೆದೆ. ಧೋತರ ಮೇಲೆ ಕಟ್ಟಿ ಕುಣಿಯತೊಡಗಿದೆ.

"ಕುಂದ್ರೋ ತಮ್ಮಾ, ಸಂಗೀತ ಕೇಳ್ಲಿಕ್ಕತ್ತೇವಿ," ಎಂದರು ಪಕ್ಕದ ಕರಿಟೊಪ್ಪಿಗೆಯ ರಾಯರು.

"ಕಾಕಾ, ಇದು ಕುಂತು ಕೇಳೂದಲ್ರಿ. ಲಗೂ ಏಳ್ರಿ, ಇಲ್ಲಾಂದ್ರ ಅವ್ರು ಗಂಟು ಕಟ್ಟತಾರ!"

"ನನಗ ಕುಣೀಲಿಕ್ಕೆ ಬರೂದಿಲ್ಲೋ."

"ನನ್ನ ನೋಡಿ ಕಲೀರಿ!"

ರಾಯರು ಟೊಪ್ಪಿಗೆ ತೆಗೆದು ಕುರ್ಚಿಯ ಮೇಲಿಟ್ಟು ಎದ್ದೇಬಿಟ್ಟರು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು. ಹಾಡುಗಾರ ನಕ್ಕು ಗಿಟಾರನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ನಾನು ಕೂಗಿ ಕೇಳಿದ ಹಾಡನ್ನು ಎರಡು ಸಲ ಹಾಡಿದ. ಹುಬ್ಬಳ್ಳಿಯವರನ್ನು ಯಾರು ಬೇಕಾದರೂ ಕುಣಿಸಬಹುದು, ಧಾರವಾಡದವರನ್ನು ಕುಣಿಸಲು ನಾನೇ ಬೇಕಾಯಿತು.

ಎಲ್ಲ ಮುಗಿದ ಮೇಲೆ ಡ್ರಮ್ ಬಾರಿಸುವವನು ನನ್ನನ್ನು ವೇದಿಕೆಗೆ ಕರೆದು, ತಾನು ಬಾರಿಸಿ ತುದಿ ಸೀಳಿದ ಡ್ರಮ್ ಕೋಲೊಂದನ್ನು ನೆನಪಿಗೆಂದು ಕೊಟ್ಟ.