ಎಮಿಲ್ ಹುಡಾಕ್ ನೋಡದ ಧಾರಾವಾಹಿ

ಮನಾಂಗಹೀಲಾ ನದಿಯ ದಂಡೆಯಲ್ಲಿದ್ದ ಉಕ್ಕಿನ ಕಾರ್ಖಾನೆಯಲ್ಲಿ ಎಮಿಲ್ ಹುಡಾಕ್ ಇಪ್ಪತ್ತೆಂಟು ವರ್ಷ ಬೆವರು ಸುರಿಸಿದವನು. ಅವನ ಪಾಲಿಗೆ ಬಂದದ್ದು ಯಾವಾಗಲೂ ಎರಡನೇ ಪಾಳಿ. ಮಧ್ಯಾಹ್ನ ಮೂರಕ್ಕೆ ಗೇಟಿನೊಳಗೆ ಹೋದರೆ ಹೊರಬರುವಷ್ಟರಲ್ಲಿ ಹನ್ನೊಂದು ಹೊಡೆದಿರುತ್ತಿತ್ತು. ಊರಿಗೆ ಊರೇ ಊಟ ಮುಗಿಸಿ ಟಿ.ವಿ. ಮುಂದೆ ಕೂರುವ ಹೊತ್ತನ್ನು ಅವನು ಕುಲುಮೆಯ ಮುಂದೆ ಕಳೆದ. ಆದರೂ ದೊಡ್ಡ ಚಾನೆಲ್‌ಗಳಲ್ಲಿ ಬಂದ ಅತ್ಯುತ್ತಮ ಧಾರಾವಾಹಿ ಯಾವುದೆಂದು ಯಾರಾದರೂ ಕೇಳಿದರೆ ಅವನಿಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ‘ಕಾಲ್ಡರ್ ಡಿಪೋ’. ಗುರುವಾರ, ಒಂಬತ್ತು ಗಂಟೆಗೆ.

ಅದರ ಒಂದೇ ಒಂದು ಸಂಚಿಕೆಯನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ. ನೋಡುತ್ತಿದ್ದವಳು ಹೆಂಡತಿ ವೆರೋನಾ. ಶುಕ್ರವಾರ ಬೆಳಿಗ್ಗೆ ಮೊಟ್ಟೆ ಹುರಿಯುತ್ತ, ಕಾಫಿ ಬಗ್ಗಿಸುತ್ತ ಹಿಂದಿನ ದಿನದ ಕಥೆಯನ್ನು ಒಂದು ಎಳೆ ಬಿಡದೆ ಹೇಳುವಳು. ಸಣ್ಣ ಊರೊಂದರ ಬಸ್ ನಿಲ್ದಾಣ. ಅಲ್ಲಿ ಟಿಕೆಟ್ ಕೊಡುವ ಬಾಯಿಬಡುಕಿ ಮಿಸೆಸ್ ಲೂಮಿಸ್. ಬಸ್ಸುಗಳನ್ನು ಹೊರಡಿಸುವ, ಮೂರು ಮಾತಿಗೆ ಒಂದು ಉತ್ತರ ಕೊಡುವ ಗಸ್. ಹತ್ತಿ ಇಳಿದು ಹೋಗುವ ಜನ. ವೆರೋನಾ ಸೌಟು ಎತ್ತಿ ಲೂಮಿಸಳ ದನಿ ತೆಗೆದರೆ ಎಮಿಲನ ತಟ್ಟೆಯಲ್ಲಿ ಮೊಟ್ಟೆ ಆರಿ ಹೋಗುತ್ತಿತ್ತು. ಅದೇ ದಿನ ಸಂಜೆ ಅವನು ಆ ಕಥೆಯನ್ನು ಊಟದ ವಿರಾಮದಲ್ಲಿ ಗೆಳೆಯರಿಗೆ ಬಡಿಸುತ್ತಿದ್ದ. ಅವರೂ ಎರಡನೇ ಪಾಳಿಯವರೇ, ಅವರಿಗೂ ಬೇರೆ ದಾರಿಯಿರಲಿಲ್ಲ. ೧೯೭೯ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದೇ ವಸಂತದಲ್ಲಿ ಕಾಲ್ಡರ್ ಡಿಪೋ ಕೂಡ ಮುಗಿಯಿತು ಎಂದು ವೆರೋನಾ ಹೇಳಿದಳು. ನೋಡಲು ಪುರುಸೊತ್ತು ಸಿಕ್ಕಾಗಲೇ ಹೀಗಾಯಿತಲ್ಲ ಎಂದು ಎಮಿಲ್ ಪೇಚಾಡಿಕೊಂಡಿದ್ದ.

ಇದಾಗಿ ಇಪ್ಪತ್ತು ವರ್ಷಕ್ಕೆ, ಶತಮಾನ ಮುಗಿಯುತ್ತಿದೆಯೆಂದು ಊರಿನ ಪತ್ರಿಕೆ ಓದುಗರಿಗೆ ಒಂದು ಪ್ರಶ್ನೆ ಹಾಕಿತು. ದೊಡ್ಡ ಚಾನೆಲ್‌ಗಳು ತೋರಿಸಿದ ಧಾರಾವಾಹಿಗಳಲ್ಲಿ ನಿಮ್ಮ ಪ್ರಕಾರ ಅತ್ಯುತ್ತಮ ಯಾವುದು, ಏಕೆ? ಎಪ್ಪತ್ತೊಂದರ ಎಮಿಲ್ ಅಡುಗೆಮನೆಯ ಮೇಜಿನಲ್ಲಿ ಕೂತು ಎರಡು ಹಾಳೆ ಬರೆದ. ನಾಲ್ಕನೇ ವರ್ಷದ ಪ್ರವಾಹದ ಸಂಚಿಕೆ. ನಿಲ್ದಾಣದೊಳಗೆ ಮೊಣಕಾಲುದ್ದ ನೀರು. ದೀಪ ಹೋದ ಕತ್ತಲಲ್ಲಿ ಮಿಸೆಸ್ ಲೂಮಿಸ್ ಟಿಕೆಟ್ ಮೇಜು ಹತ್ತಿ ನಿಂತು ನಲವತ್ತು ಜನ ಪ್ರಯಾಣಿಕರನ್ನೂ ಹೆಸರು ಹಿಡಿದು ಕರೆದದ್ದು. ‘ಇಂಥದ್ದನ್ನು ಆಮೇಲೆ ಯಾರೂ ತೋರಿಸಿಲ್ಲ’ ಎಂದು ಮುಗಿಸಿದ.

“ಪತ್ರ ಹಾಕೇ ಬಿಟ್ಯಾ?” ಎಂದಳು ವೆರೋನಾ.

“ಹೂಂ, ಬೆಳಿಗ್ಗೇನೇ.”

“ನನ್ನ ಒಂದ್ಮಾತು ಕೇಳ್ಬಾರದಿತ್ತಾ?” ಎಂದವಳು ಎಲೆಕೋಸು ಹೆಚ್ಚಲು ಹೋದಳು.

ಪತ್ರ ಅಚ್ಚಾಯಿತು. ಮರುವಾರ ಅದರ ಕೆಳಗೇ ಒಂದು ಉತ್ತರ. ಬರೆದವರು ಪ್ರೌಢಶಾಲೆಯ ನಿವೃತ್ತ ಮೇಷ್ಟ್ರು ವೆಂಡೆಲ್ ಕ್ರಾಫ್ಟ್. ‘ಹುಡಾಕ್ ಅವರು ಕನಸನ್ನು ಟಿ.ವಿ. ಎಂದು ಭಾವಿಸಿದಂತಿದೆ. ಕಾಲ್ಡರ್ ಡಿಪೋ ಬಂದದ್ದು ಒಟ್ಟು ಹದಿಮೂರು ಸಂಚಿಕೆ. ೧೯೭೩ರ ಕ್ರಿಸ್ಮಸ್ಸಿಗೆ ಮೊದಲೇ ನಿಲ್ಲಿಸಿದರು. ನಾಲ್ಕನೇ ವರ್ಷವೂ ಇಲ್ಲ, ಪ್ರವಾಹವೂ ಇಲ್ಲ.’

ಎಮಿಲನಿಗೆ ಮೈಯೆಲ್ಲ ಉರಿಯಿತು. ಆದರೆ ಅವನು ಪೆನ್ನು ಹಿಡಿಯುವ ಮೊದಲೇ ಹಳೆಯ ಪಾಳಿಯ ಗೆಳೆಯರು ಹಿಡಿದಿದ್ದರು. ಚೆಸ್ಟರ್ ಬಾನಿಕ್ ಬರೆದ, ಲೆನಾರ್ಡ್ ಸೊಕೋಲ್ ಬರೆದ, ಒಟ್ಟು ಏಳು ಜನ ಬರೆದರು. ಪ್ರವಾಹ ಬಂದದ್ದು ನಿಜ, ನಮಗೆ ಚೆನ್ನಾಗಿ ನೆನಪಿದೆ. ಗಸ್‌ನ ತಮ್ಮ ಜೈಲಿನಿಂದ ಬಂದದ್ದೂ ನೆನಪಿದೆ, ಮೇಷ್ಟ್ರಿಗೆ ಮರೆವಿನ ಕಾಯಿಲೆಯಿರಬೇಕು, ಎಂದು. ಕ್ರಾಫ್ಟ್ ಮೇಷ್ಟ್ರು ತಬ್ಬಿಬ್ಬಾದರು. ದಾಖಲೆ ಒಂದು ಹೇಳಿದರೆ, ಏಳೆಂಟು ಜನ ಮರ್ಯಾದಸ್ಥರು ಇನ್ನೊಂದಕ್ಕೆ ಆಣೆ ಹಾಕುತ್ತಿದ್ದಾರೆ! ಪತ್ರಿಕೆಯ ಸಂಪಾದಕಿ ಎಮಿಲನಿಗೆ ಫೋನ್ ಮಾಡಿದಳು. “ಸ್ವಾಮಿ, ನಿಮ್ಮ ಎಂಟು ಓಟನ್ನ ನಾನು ಯಾವ ಲೆಕ್ಕಕ್ಕೆ ಸೇರಿಸ್ಲಿ? ಇಲ್ಲದ ಸಂಚಿಕೆಗೆ ಓಟು ಹಾಕ್ತಿದೀರಂತೆ.”

ಎಮಿಲ್ ನೇರ ಗ್ರಂಥಾಲಯಕ್ಕೆ ನಡೆದ. ಗ್ರಂಥಪಾಲಕಿ ಒಡೆಟ್ ಪ್ರುಯಿಟ್ ಟಿ.ವಿ. ಕಾರ್ಯಕ್ರಮಗಳ ಬಗೆಗಿನ ಇಟ್ಟಿಗೆ ಗಾತ್ರದ ಪುಸ್ತಕವೊಂದನ್ನು ತೆರೆದು ಬೆರಳಿಟ್ಟು ತೋರಿಸಿದಳು.

“ಹದಿಮೂರೇ, ಹುಡಾಕ್ ಅವರೇ. ಸೆಪ್ಟೆಂಬರ್‌ನಿಂದ ಡಿಸೆಂಬರ್.”

“ಇನ್ನೊಂದು ಕಾಲ್ಡರ್ ಡಿಪೋ ಇರ್ಬೇಕು ನೋಡಮ್ಮ.”

“ಇಲ್ಲ. ನಾನೂ ಹಂಗೇ ಅಂದ್ಕೊಂಡು ಎರಡು ಸಲ ಹುಡುಕಿದೆ.”

“ಪುಸ್ತಕದಲ್ಲಿ ತಪ್ಪು ಅಚ್ಚಾಗಿರ್ಬಹುದಲ್ಲ?”

ಅವಳು ಹಳೆಯ ಪತ್ರಿಕೆಗಳ ಮೈಕ್ರೊಫಿಲ್ಮ್ ಸುರುಳಿಯನ್ನು ಯಂತ್ರಕ್ಕೆ ಹಾಕಿ ೧೯೭೪ರ ಗುರುವಾರಗಳ ಟಿ.ವಿ. ಪಟ್ಟಿಗಳನ್ನು ಒಂದೊಂದಾಗಿ ತೋರಿಸಿದಳು. ಒಂಬತ್ತು ಗಂಟೆಯ ಜಾಗದಲ್ಲಿ ಪೊಲೀಸರ ಕಥೆಯೊಂದಿತ್ತು. ಮುಂದಿನ ವಾರವೂ ಅದೇ. ೭೫ರಲ್ಲಿ ಹಾಡಿನ ಕಾರ್ಯಕ್ರಮ. ಎಮಿಲ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

ಮನೆಗೆ ಬರುವ ದಾರಿಯುದ್ದಕ್ಕೂ ಅವನ ತಲೆ ಕಲಸಿದ ಹಿಟ್ಟಾಗಿತ್ತು. ವೆರೋನಾ ಎರಡು ಮೂರು ಧಾರಾವಾಹಿಗಳನ್ನು ಬೆರೆಸಿಬಿಟ್ಟಳೇ? ಅಥವಾ ಅವಳು ಸರಿಯಾಗಿಯೇ ಹೇಳಿ, ತಾನೇ ಏನನ್ನೋ ಎಲ್ಲಿಗೋ ಅಂಟಿಸಿಕೊಂಡನೇ? ಹಾಗಾದರೆ ಗೆಳೆಯರು? ಅವರಿಗೆ ಹೇಳಿದವನು ತಾನೇ. ಅವರ ಸಾಕ್ಷಿಯೆಂದರೆ ತನ್ನದೇ ದನಿ ಬೆಟ್ಟಕ್ಕೆ ಬಡಿದು ಹಿಂದಿರುಗಿದಂತೆ. ಅದು ಹೊಳೆದಾಗ ಅವನು ಫುಟ್‌ಪಾತಿನಲ್ಲಿ ನಿಂತೇಬಿಟ್ಟ. ಹಿಂದೆ ಬರುತ್ತಿದ್ದ ಹೆಂಗಸು ಬಳಸಿಕೊಂಡು ಹೋಗಬೇಕಾಯಿತು.

ವೆರೋನಾ ಚರ್ಚಿಗೆ ಕೊಡಬೇಕಾದ ಅಕ್ರೋಟಿನ ಸುರುಳಿ ರೊಟ್ಟಿಗೆ ಹಿಟ್ಟು ಲಟ್ಟಿಸುತ್ತಿದ್ದಳು.

“ವೆರೋನಾ, ಹದಿಮೂರೇ ಅಂತೆ.”

ಅವಳು ಲಟ್ಟಣಿಗೆ ನಿಲ್ಲಿಸಲಿಲ್ಲ. “ಹೌದು.”

“ಹೌದು ಅಂದ್ರೆ?”

“ಹೌದು ಅಂದ್ರೆ ಹೌದು. ಹದಿಮೂರೇ.”

“ಮತ್ತೆ ಐದು ವರ್ಷ ನೀನು ನನಗೆ ಏನು ಹೇಳ್ದೆ?”

ಅವಳು ಕೈಯ ಹಿಟ್ಟು ಕೊಡವಿ ಎದುರಿನ ಕುರ್ಚಿಯಲ್ಲಿ ಕೂತಳು. “ರೂಡಿ ಸತ್ತದ್ದು ನೆನಪಿದೆಯಾ?”

ನೆನಪಿಲ್ಲದೆ ಇರುತ್ತದೆಯೇ? ರೂಡಿ ಮಾಟಸ್ ಎಮಿಲನ ಜೊತೆಗಾರ. ಆ ಡಿಸೆಂಬರಿನಲ್ಲಿ ಅವನ ಕಣ್ಣೆದುರೇ ಕ್ರೇನಿನ ಸರಪಳಿ ಹರಿದು ಸತ್ತವನು.

“ಹನ್ನೊಂದು ದಿನ ನೀನು ಬಾಯಿ ಬಿಡ್ಲಿಲ್ಲ. ಪಾದ್ರಿ ಬಂದ್ರು, ಡಾಕ್ಟ್ರು ಬಂದ್ರು, ನಿನ್ನ ಅಕ್ಕ ಬಂದು ಅತ್ಕೊಂಡು ಹೋದ್ಲು. ನೀನು ಗೋಡೆ. ಹನ್ನೆರಡನೇ ದಿನ ಶುಕ್ರವಾರ. ಕಾಫಿ ಮುಂದೆ ಕೂತು ‘ನಿನ್ನೆ ಗಸ್ ಏನ್ ಮಾಡ್ದ?’ ಅಂದೆ. ಹಿಂದಿನ ವಾರವೇ ಅವರು ಧಾರಾವಾಹಿ ನಿಲ್ಲಿಸಿದ್ರು. ನಾನು ಆಗ ‘ಅದು ಮುಗೀತು ಕಣೋ’ ಅನ್ಬೇಕಿತ್ತಾ? ಹೇಳು, ಅನ್ಬೇಕಿತ್ತಾ?”

ಎಮಿಲ್ ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟ.

“ಒಂದು ವಾರಕ್ಕೆ ಮಾತ್ರ ಅಂತ ನಾನೇ ಕಥೆ ಕಟ್ಟಿ ಹೇಳ್ದೆ. ಮುಂದಿನ ಶುಕ್ರವಾರ ನೀನು ಮತ್ತೆ ಕೇಳ್ದೆ. ಆಮೇಲೆ ನೋಡಿದ್ರೆ ಚೆಸ್ಟರ್ ಹೆಂಡ್ತಿ ಅಂಗಡೀಲಿ ಸಿಕ್ಕು, ‘ನಾನು ಗುರುವಾರ ಬೇರೆ ಚಾನೆಲ್ ನೋಡೋದು, ಗಸ್ ತಮ್ಮನ್ನ ಕ್ಷಮಿಸ್ತಾನಾ, ನಮ್ಮನೆಯವ್ರಿಗೆ ನಿದ್ದೆ ಇಲ್ಲ’ ಅಂತಾಳೆ. ಹುಲಿ ಸವಾರಿ ಆಗ್ಹೋಯ್ತು, ಇಳಿಯೋದು ಹೆಂಗೆ? ಗುರುವಾರ ಇಡೀ ದಿನ ಬಟ್ಟೆ ಒಗೀತಾ ಕಥೆ ಕಟ್ತಿದ್ದೆ. ನೀನು ಮನೇಲೇ ಇರೋ ಹಾಗಾದಾಗ ಡಿಪೋಗೆ ಬೀಗ ಹಾಕ್ದೆ.”

“ಪ್ರವಾಹ?”

“ನಮ್ಮಮ್ಮನ ಊರಲ್ಲಿ ಮೂವತ್ತಾರನೇ ಇಸವೀಲಿ ಬಂದಿತ್ತು. ಮೇಜು ಹತ್ತಿದ್ದು ಅಮ್ಮನೇ.”

“ಗಸ್ ತಮ್ಮ?”

“ಅವನು ಸುಮ್ನೆ ಬಂದ. ಎಲ್ಲಿಂದ ಬಂದ್ನೋ ನನಗೇ ಗೊತ್ತಿಲ್ಲ.”

ಆ ವಾರವೆಲ್ಲ ಎಮಿಲ್ ಮನೆಯೊಳಗೆ ದಾರಿ ತಪ್ಪಿದವನಂತೆ ಅಡ್ಡಾಡಿದ. ಒಮ್ಮೆ ಸಿಟ್ಟು ಬರುತ್ತಿತ್ತು: ಐದು ವರ್ಷ ಮಂಗನ ಮಾಡಿದಳಲ್ಲ! ಮರುಗಳಿಗೆ ಗಸ್ ಹೆಂಡತಿಯ ಹತ್ತಿರ ಒಂದು ಮಾತನ್ನೂ ಆಡಲಾರದೆ ನಿಲ್ದಾಣದ ಬೆಂಚಿಗೆ ಬಣ್ಣ ಬಳಿದ ಸಂಚಿಕೆ ನೆನಪಾಗಿ, ಆ ಗಸ್ ತಾನೇ ಎಂದು ಈಗ ತಿಳಿದು, ಕಿವಿ ಬಿಸಿಯಾಗುತ್ತಿತ್ತು. ಹೆಂಡತಿಯನ್ನು ಬೈಯಬೇಕೋ ಕೈ ಮುಗಿಯಬೇಕೋ ತೋಚದೆ ಅವಳು ಕೇಳದಿದ್ದರೂ ತೊಳೆದ ಪಾತ್ರೆಗಳನ್ನೆಲ್ಲ ಒರೆಸಿಟ್ಟ.

ಶುಕ್ರವಾರ ಅಗ್ನಿಶಾಮಕ ದಳದ ಹಾಲಿನಲ್ಲಿ ಮೀನೂಟ. ಈಸ್ಟರ್ ಬರುವ ತನಕ ಶುಕ್ರವಾರ ಮಾಂಸ ಮುಟ್ಟದವರಿಗೆ ಪ್ರತಿ ವಾರವೂ ಇದ್ದದ್ದೇ. ವೆರೋನಾ ಬಡಿಸುವ ಕಡೆ ನಿಂತಿದ್ದಳು. ಹಳೆಯ ಪಾಳಿಯವರೆಲ್ಲ ಒಂದೇ ಮೇಜಿನಲ್ಲಿ, ಪಕ್ಕದ ಮೇಜಿನಲ್ಲಿ ಕ್ರಾಫ್ಟ್ ಮೇಷ್ಟ್ರು ಬೆನ್ನು ತಿರುಗಿಸಿ ಕೂತಿದ್ದರು.

“ಮೇಷ್ಟ್ರ ಬಾಯಿ ಮುಚ್ಚಿಸಿದ್ವಿ ಬಿಡೋ ಎಮಿಲ್!” ಎಂದ ಚೆಸ್ಟರ್ ಗಟ್ಟಿಯಾಗಿ.

ಎಮಿಲ್ ಫೋರ್ಕ್ ಕೆಳಗಿಟ್ಟ. “ಮೇಷ್ಟ್ರು ಹೇಳಿದ್ದೇ ಸರಿ. ಹದಿಮೂರಾದ್ಮೇಲೆ ಬಂದದ್ದೆಲ್ಲ ವೆರೋನಾ ಕಟ್ಟಿದ್ದು.”

ಲೆನಾರ್ಡ್ ಸೊಕೋಲ್ ಬೆರಳು ಮಡಚತೊಡಗಿದ. “ಪ್ರವಾಹ?” “ಅವಳದು.” “ಲೂಮಿಸ್‌ಗೆ ಲಾಟರಿ ಟಿಕೆಟ್ ಸಿಕ್ಕಿದ್ದು?” “ಅದೂ.” “ಲೋ, ನನ್ನ ನಾಯಿಗೆ ನಾನು ಗಸ್ ಅಂತ ಹೆಸರಿಟ್ಟಿದ್ನಲ್ಲೋ!” “ಗಸ್ ನಿಜ ಕಣೋ, ಹದಿಮೂರರ ತನಕ.” ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಮೇಷ್ಟ್ರು ಕುರ್ಚಿಯನ್ನು ಮೆಲ್ಲಗೆ ಇತ್ತ ತಿರುಗಿಸಿದರು. ಗೆದ್ದವರ ಮುಖ ಅವರದ್ದಾಗಿರಲಿಲ್ಲ.

ಚೆಸ್ಟರ್ ಖಾಲಿ ತಟ್ಟೆ ಎತ್ತಿಕೊಂಡು ಎದ್ದ. ಸೀದಾ ಬಡಿಸುವ ಕಡೆ ಹೋಗಿ ವೆರೋನಾಳ ಎದುರು ನಿಂತ. ಅವಳು ಸೌಟು ಹಿಡಿದೇ ತಲೆ ತಗ್ಗಿಸಿದಳು, ಬೈಗುಳಕ್ಕೆ ಸಿದ್ಧಳಾದವಳಂತೆ.

“ತಾಯಿ, ಒಂದು ವಿಷಯ. ಅಕಾರ್ಡಿಯನ್ ನುಡಿಸೋ ಕುಂಟ ಇದ್ನಲ್ಲ, ಅವನು ಕಡೆಗೆ ಯಾವ ಬಸ್ ಹತ್ತಿದ? ಆ ವಾರ ಎಮಿಲ್ ಹರ್ನಿಯಾ ಆಪರೇಷನ್ ಅಂತ ಮಲಗಿದ್ದ. ನಮಗೆ ಗೊತ್ತಾಗ್ಲೇ ಇಲ್ಲ.”

ವೆರೋನಾ ಅವನ ಮುಖ ನೋಡಿದಳು, ಅವನ ಹಿಂದೆ ಕುತ್ತಿಗೆ ಉದ್ದ ಮಾಡಿ ಕೂತ ಮೇಜನ್ನು ನೋಡಿದಳು. “ಅವನು ಬಸ್ ಹತ್ತಲಿಲ್ಲ ಚೆಸ್ಟರ್,” ಎಂದಳು, ತಟ್ಟೆಗೆ ಮೀನು ಹಾಕುತ್ತ. “ಹತ್ತೋಕೆ ಹೋದ. ಆದ್ರೆ ಆ ದಿನ ಲೂಮಿಸ್...”

“ಇದು ಹದಿಮೂರರಲ್ಲಿ ಇಲ್ಲ,” ಎಂದರು ಮೇಷ್ಟ್ರು, ತಮಗೇ ಹೇಳಿಕೊಂಡಂತೆ.

“ಸ್ವಲ್ಪ ಸುಮ್ನಿರಿ ಸಾರ್, ಕೇಳ್ಸಲ್ಲ,” ಎಂದ ಲೆನಾರ್ಡ್.

ಆ ಕಥೆ ತಾನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಕೇಳಿದ್ದೇ ಹೌದೋ, ಅಥವಾ ಅವಳು ಈಗಷ್ಟೇ ಕಟ್ಟುತ್ತಿರುವುದೋ, ಎಮಿಲನಿಗೆ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಮೇಜಿನಿಂದ ಅರ್ಧ ಮಾತು ಮಾತ್ರ ಕೇಳುತ್ತಿತ್ತು. ಅವನು ತನ್ನ ತುಂಬಿದ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಚೆಸ್ಟರನ ಹಿಂದೆ ಸಾಲಿನಲ್ಲಿ ನಿಂತ.